ಕಸ್ತೂರಿ ಡಾಕ್ಟರು ಉತ್ತರ ಹೇಳಿದ ಮಧ್ಯಾಹ್ನ

ಬ್ರಿಸ್ಬೇನಿನ ದಕ್ಷಿಣದ ರನ್‌ಕಾರ್ನಿನಲ್ಲಿದ್ದ ಕಸ್ತೂರಿ ಡಾಕ್ಟರ ಕ್ಲಿನಿಕ್ಕಿಗೆ ಕೆಮ್ಮು ಎಂದು ಹೋದವರು ಬರೀ ಕೆಮ್ಮಿನ ಔಷಧಿ ಬರೆಸಿಕೊಂಡು ಹೊರಬಂದದ್ದೇ ಇಲ್ಲ. ಅತ್ತೆ ಜೊತೆಯಲ್ಲಿದ್ದಾರೋ ಬೇರೆಯೋ, ಗಂಡನ ಕೆಲಸ ಹಗಲೋ ರಾತ್ರಿಯೋ, ನಿದ್ದೆ ಬರುತ್ತದೋ ಇಲ್ಲವೋ, ಮದುವೆಯಾಗಿ ಎಷ್ಟು ವರ್ಷ, ಮಕ್ಕಳೆಷ್ಟು, ಇಲ್ಲದಿದ್ದರೆ ಯಾಕಿಲ್ಲ, ಇಷ್ಟೆಲ್ಲ ಕೇಳಿ ಮುಗಿಸಿದ ಮೇಲೆಯೇ ಅವರ ಕೈ ಸ್ಟೆತಾಸ್ಕೋಪಿನ ಕಡೆಗೆ ಹೋಗುತ್ತಿದ್ದದ್ದು. ಮೊದಮೊದಲು ಅಲ್ಲಿನ ಜನ ಕಕ್ಕಾಬಿಕ್ಕಿಯಾದರು. ಆಮೇಲೆ ಅದಕ್ಕೇ ಒಗ್ಗಿಹೋದರು. ಬೇರೆ ಡಾಕ್ಟರುಗಳು ಬಂದವರನ್ನು ಬಂದಷ್ಟೇ ಬೇಗ ಕಳಿಸಿಬಿಡುತ್ತಾರೆ, ಈಯಮ್ಮ ಕೂರಿಸಿಕೊಂಡು ಮಾತಾಡಿಸುತ್ತಾರೆ ಎಂದು ದೂರದಿಂದಲೂ ಬರತೊಡಗಿದರು.

ಗಂಡ ಮಹಾಬಲೇಶ್ವರ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರು. ದಿನವಿಡೀ ಮಾತಿಲ್ಲದ ಮೂಳೆಗಳ ಜೊತೆ ಕೂತು ಬರುವ ಮನುಷ್ಯ, ಮನೆಯಲ್ಲೂ ಮಾತು ಕಡಿಮೆ. ಆಡಿದರೆ ಮಾತ್ರ ಹೆಂಡತಿಯನ್ನು ರೇಗಿಸುವುದಕ್ಕೇ ಆಡುತ್ತಿದ್ದರು.

"ನನ್ನ ಎಕ್ಸ್‌ರೇ ಮೂಳೆವರೆಗೆ ಮಾತ್ರ ಹೋಗುತ್ತೆ ಕಣೆ. ನಿಂದು ಸೀದಾ ಸಂಸಾರದೊಳಕ್ಕೇ ಹೋಗ್ಬಿಡುತ್ತೆ."

"ಕೇಳದೆ ಹೇಗ್ರೀ ಗೊತ್ತಾಗುತ್ತೆ? ನಮ್ಮ ಕಡೆ ಕೇಳಲಿಲ್ಲ ಅಂದ್ರೆ ಪ್ರೀತಿ ಇಲ್ಲ ಅಂತ ಅರ್ಥ" ಎನ್ನುತ್ತಿದ್ದರು ಕಸ್ತೂರಿ.

ಆ ಮಾತಿನಲ್ಲಿ ಹುರುಳಿತ್ತು. ಹೊಟ್ಟೆನೋವೆಂದು ಬಂದ ಹೆಂಗಸಿಗೆ ಗಂಡ ಹೊಡೆಯುತ್ತಾನೆ ಎಂಬುದನ್ನೂ, ನಿಶ್ಶಕ್ತಿ ಎಂದು ಬಂದ ಮುದುಕ ಹೆಂಡತಿ ಸತ್ತ ಮೇಲೆ ಬಿಸಿ ಊಟ ಕಂಡಿಲ್ಲ ಎಂಬುದನ್ನೂ ಅವರು ಕೇಳಿಕೇಳಿಯೇ ಕಂಡುಹಿಡಿದದ್ದು. ತಮ್ಮ ಈ ವಿದ್ಯೆಯ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಸ್ವಲ್ಪ ಜಂಬವೂ ಇತ್ತು.

ಜಂಬಪಡಲು ಕಾರಣವೂ ಇತ್ತೆನ್ನಿ. ಮೈಸೂರಿನ ರೈಲ್ವೆ ವರ್ಕ್‌ಶಾಪಿನ ಗುಮಾಸ್ತರ ಮಗಳು, ಮನೆತನದಲ್ಲೇ ಮೊದಲ ಡಾಕ್ಟರು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಗಂಡನ ಹಿಂದೆ ಪರ್ತ್‌ಗೆ ಬಂದಾಗ, ನಿನ್ನ ಡಿಗ್ರಿ ಇಲ್ಲಿ ನಡೆಯುವುದಿಲ್ಲ, ಮತ್ತೆ ಪರೀಕ್ಷೆ ಬರೆ ಎಂದರು. ಬರೆದರು. ಅಡಿಲೇಡಿನಲ್ಲಿ ನಿನಗಿಂತ ಚಿಕ್ಕವರ ಕೈಕೆಳಗೆ ದುಡಿ ಎಂದರು. ದುಡಿದರು. ಅಲ್ಲೇ ಮಗಳು ಶಾರದಾ ಹುಟ್ಟಿದಳು. ಎಂಬತ್ತೆರಡರಲ್ಲಿ ಬ್ರಿಸ್ಬೇನಿಗೆ ಬಂದು ಸ್ವಂತ ಬೋರ್ಡು ಹಾಕಿದ ಮೊದಲ ವಾರ ಒಬ್ಬ ಮುದುಕ ರೈತ ಒಳಗೆ ಇಣುಕಿ, ಸೀರೆಯುಟ್ಟ ಇವರನ್ನು ನೋಡಿ, ನಿಜವಾದ ಡಾಕ್ಟರು ಎಲ್ಲಿ ಎಂದು ಕೇಳಿದ. "ಊಟಕ್ಕೆ ಹೋಗಿದ್ದಾರೆ, ಅವರು ಬರೋದ್ರೊಳಗೆ ನಿಮ್ಮ ಬಿ.ಪಿ. ನೋಡ್ಬಿಡ್ತೀನಿ ಬನ್ನಿ" ಎಂದರು ಕಸ್ತೂರಿ. ಆ ಮುದುಕ ಸಾಯುವತನಕ ಬೇರೆ ಡಾಕ್ಟರ ಬಾಗಿಲು ತುಳಿಯಲಿಲ್ಲ.

ಇಂಥ ಜಾಣೆಗೆ ಕಮ್ಯುನಿಸ್ಟ್ ದೇಶಗಳ ಹೆಂಗಸರ ಬದುಕಿನ ವಿಷಯದಲ್ಲಿ ಮಾತ್ರ ಏನೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಸ್ಕೂಲ್ ಪುಸ್ತಕಗಳ ಬೈಂಡು. ಆ ಕಾಲದಲ್ಲಿ ರಷ್ಯದ ಕಡೆಯಿಂದ ನುಣುಪು ಕಾಗದದ ಬಣ್ಣದ ಪತ್ರಿಕೆಗಳು ಕಾಸಿಗೊಂದು ಕೊಸರಿಗೊಂದರಂತೆ ಬರುತ್ತಿದ್ದವು. ಓದುವವರು ಕಡಿಮೆ, ಪುಸ್ತಕಕ್ಕೆ ಬೈಂಡು ಹಾಕುವವರು ಹೆಚ್ಚು. ಕಸ್ತೂರಿಯ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುವ ಹೆಂಗಸು ನಗುತ್ತಿದ್ದಳು. ವಿಜ್ಞಾನದ ಪುಸ್ತಕದ ಮೇಲೆ ಬಿಳಿ ಕೋಟಿನ ಲೇಡಿ ಡಾಕ್ಟರು ಫ್ಯಾಕ್ಟರಿಯ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ಹುಡುಗಿ ವರ್ಷವಿಡೀ ಆ ಚಿತ್ರ ನೋಡಿದಳು, ತಾನೂ ಅಂಥ ಡಾಕ್ಟರಾಗಬೇಕು ಎಂದುಕೊಂಡಳು. ಆಗಿಯೂ ಆದಳು. ಆ ಸಾಲಿನಲ್ಲಿ ನಿಂತ ಹೆಂಗಸರು ಏನು ಯೋಚಿಸುತ್ತಿದ್ದರು ಎಂದು ಚಿತ್ರ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಎಂಬತ್ತೇಳರ ಚಳಿಗಾಲದಲ್ಲಿ ವಿಯೋರಿಕಾ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ತೆಳ್ಳನೆ ಮೈ, ಎರಡು ವಾರದಿಂದ ಬಿಡದ ಕೆಮ್ಮು. ಗಂಡ ಪೆತ್ರು ಬೆಸುಗೆ ಕೆಲಸದವನು. ಇಬ್ಬರೂ ಯುಗೊಸ್ಲಾವಿಯದ ಗಡಿ ದಾಟಿ, ಆಸ್ಟ್ರಿಯದ ನಿರಾಶ್ರಿತರ ಶಿಬಿರದಲ್ಲಿದ್ದು, ಹಿಂದಿನ ವರ್ಷವಷ್ಟೇ ಇಲ್ಲಿಗೆ ಬಂದಿದ್ದರು. ಮುರುಕು ಇಂಗ್ಲಿಷು ಬರುತ್ತಿತ್ತು.

"ಯಾವ ದೇಶ ನಿಂದು?" ಎಂದು ಶುರು ಮಾಡಿದರು ಕಸ್ತೂರಿ.

"ರುಮೇನಿಯಾ. ಬಟ್ಟೆ ಮಿಲ್ಲಿನಲ್ಲಿದ್ದೆ."

ಅದೂ ರಷ್ಯದ ಬಳಗದ ದೇಶ. ಬೈಂಡಿನ ಚಿತ್ರ ನೆನಪಾಗಿ ಕಸ್ತೂರಿಯ ಮುಖ ಅರಳಿತು. "ನಿಮ್ಮ ಕಡೆ ಹೆಂಗಸರನ್ನ ಸರ್ಕಾರ ಬಹಳ ಚೆನ್ನಾಗಿ ನೋಡ್ಕೊಳ್ಳುತ್ತಂತಲ್ಲ? ಡಾಕ್ಟರು ಮಿಲ್ಲಿಗೇ ಬರ್ತಾರಂತೆ?"

"ಬರ್ತಾರೆ" ಎಂದಳು ವಿಯೋರಿಕಾ.

"ಎಷ್ಟು ಅನುಕೂಲ ನೋಡು. ಎಲ್ಲ ಕಡೆ ಹಾಗಿರ್ಬೇಕು. ಮದುವೆಯಾಗಿ ಎಷ್ಟು ವರ್ಷ?"

"ಆರು."

"ಮಕ್ಕಳು?"

"ಇಲ್ಲ."

"ಅಯ್ಯೋ, ಯಾಕೆ? ಮುಟ್ಟು ಸರಿಯಾಗಿ ಆಗುತ್ತಾ? ಕೊನೆ ಸಲ ಯಾವಾಗ?"

ವಿಯೋರಿಕಾ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತಳು. ಗೋಡೆ ನೋಡುತ್ತ ತಾರೀಖು ಒಪ್ಪಿಸಿದಳು. ಆಮೇಲೆ ಯಾರೂ ಹೇಳದೆ ಪರದೆಯ ಹಿಂದೆ ಹೋಗಿ, ಷೂ ಬಿಚ್ಚಿ ಒಂದರ ಪಕ್ಕ ಒಂದು ಇಟ್ಟು, ಮಂಚದ ಮೇಲೆ ಮಲಗಿ ಮುಖ ಆ ಕಡೆ ತಿರುಗಿಸಿಕೊಂಡಳು. ಬಂದದ್ದು ಕೆಮ್ಮಿಗೆ.

"ಏಳಮ್ಮ, ಏಳು. ಗಂಟಲು ನೋಡಿದ್ರೆ ಸಾಕು" ಎಂದು ಕಸ್ತೂರಿ ನಕ್ಕರು. ಔಷಧಿ ಬರೆದು ಕಳಿಸಿದರು. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿದರು. "ಎಂಥಾ ಶಿಸ್ತು ಅಂತೀರಿ, ಹೇಳೋಕೆ ಮುಂಚೇನೇ ಹೋಗಿ ಮಲಗಿಬಿಟ್ಳು."

ಮಹಾಬಲೇಶ್ವರ ಅನ್ನ ಕಲೆಸುವುದನ್ನು ನಿಲ್ಲಿಸಿದರು. "ಕೆಮ್ಮಿಗೆ ಬಂದೋಳು ಹೋಗಿ ಮಲಗಿದ್ಲಾ? ಅದು ಶಿಸ್ತಲ್ಲ ಕಣೆ. ಹೆದರಿಕೆ."

"ನಿಮಗೇನು ಗೊತ್ತು, ಸುಮ್ನಿರಿ" ಎಂದರು ಕಸ್ತೂರಿ.

ಕೆಮ್ಮು ವಾಸಿಯಾಯಿತೋ ಇಲ್ಲವೋ, ವಿಯೋರಿಕಾ ಮತ್ತೆ ಬರಲಿಲ್ಲ. ಎರಡು ತಿಂಗಳ ಮೇಲೆ ಪಕ್ಕದ ಸನ್ನಿಬ್ಯಾಂಕ್ ಬಡಾವಣೆಯ ಹಣ್ಣಿನಂಗಡಿಯಲ್ಲಿ ಕಸ್ತೂರಿಯ ಕಣ್ಣಿಗೆ ಬಿದ್ದಳು. ಮುಖ ಬಿಳಿಚಿತ್ತು. ನಮ್ಮ ಕಡೆಯ ಯಾವ ಆಂಟಿಯೂ ಬಿಡದ ಪ್ರಶ್ನೆಯನ್ನು ಕಸ್ತೂರಿಯೂ ಬಿಡಲಿಲ್ಲ. ಟೊಮೇಟೊ ರಾಶಿಯ ಆಚೆಯಿಂದಲೇ, "ಏನಾದ್ರೂ ವಿಶೇಷವಾ?" ಎಂದು ಇಂಗ್ಲಿಷಿಗೆ ತಿರುಗಿಸಿ, ಹೊಟ್ಟೆಯ ಕಡೆ ಕಣ್ಣು ಹಾಯಿಸಿ, ನಗುತ್ತ ಕೇಳಿದರು. ಪಕ್ಕದಲ್ಲಿದ್ದ ಶಾರದಾ "ಮಮ್, ಪ್ಲೀಸ್" ಎಂದು ಸೆರಗು ಎಳೆದಳು. ವಿಯೋರಿಕಾ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಹೊರಗೆ ನಡೆದುಬಿಟ್ಟಳು. ಒಂದು ಹಣ್ಣನ್ನೂ ಕೊಳ್ಳಲಿಲ್ಲ.

ಅದಾದ ಮುಂದಿನ ಶನಿವಾರ, ಮಧ್ಯಾಹ್ನ ಕ್ಲಿನಿಕ್ಕು ಮುಚ್ಚುವ ಹೊತ್ತಿಗೆ ಪೆತ್ರು ಓಡಿಬಂದ. ಹೆಂಡತಿ ಬೆಳಿಗ್ಗೆ ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದಳು, ಹೊಟ್ಟೆಯ ಒಂದು ಬದಿ ನೋವು, ಈಗ ಭುಜವೂ ನೋವು ಅನ್ನುತ್ತಾಳೆ, ಮಾತ್ರೆ ಕೊಡಿ ಎಂದ.

ಭುಜ ಎಂದದ್ದೇ ತಡ, ಕಸ್ತೂರಿ ಕಾರಿನ ಕೀಲಿ ಎತ್ತಿಕೊಂಡರು. ಗರ್ಭ ಗರ್ಭಕೋಶದೊಳಗೆ ನಿಲ್ಲದೆ ಪಕ್ಕದ ನಾಳದಲ್ಲಿ ನಿಂತು ಅದನ್ನು ಹರಿದರೆ ಹೊಟ್ಟೆಯೊಳಗೇ ರಕ್ತ ಸೋರುತ್ತದೆ. ಆ ನೋವು ಭುಜಕ್ಕೆ ಏರುತ್ತದೆ. ಆಪರೇಷನ್ ಆದರೆ ಬದುಕುತ್ತಾಳೆ, ತಡವಾದರೆ ಇಲ್ಲ.

"ಇದಕ್ಕೆ ಮಾತ್ರೆ ಇಲ್ಲಪ್ಪ, ಆಸ್ಪತ್ರೆಗೇ ಹೋಗ್ಬೇಕು" ಎಂದರು.

"ಅವಳು ಬರುವುದಿಲ್ಲ. ಆಂಬುಲೆನ್ಸ್ ಕರೆದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇನೆ ಅಂತಾಳೆ."

"ನನ್ನ ಹತ್ರವಾದ್ರೂ ಬರಬಾರದಿತ್ತಾ?"

ಪೆತ್ರು ನೆಲ ನೋಡಿದ. "ನೀವು ಅವರ ಕಡೆಯವರು ಅಂತಾಳೆ, ಡಾಕ್ಟರ್."

ಯಾರ ಕಡೆ ಎಂದು ಕೇಳುತ್ತ ನಿಲ್ಲುವ ಹೊತ್ತಲ್ಲ. ಕಸ್ತೂರಿ ಫೋನು ಮಾಡಿ ಆಂಬುಲೆನ್ಸಿಗೆ ವಿಳಾಸ ಕೊಟ್ಟು, ಮನೆಯ ಮುಂದೆ ಬರಬೇಡಿ, ರಸ್ತೆಯ ತಿರುವಿನಲ್ಲಿ ನಿಂತಿರಿ ಎಂದರು. ಪೆತ್ರುವನ್ನು ಕಾರಿಗೆ ಹತ್ತಿಸಿಕೊಂಡು ಅವನ ಮನೆಯಿದ್ದ ಕ್ಯಾಲಮ್‌ವೇಲಿನ ಕಡೆ ಹೊರಟರು. ದಾರಿಯಲ್ಲಿ ಅವನು ಹೇಳಿದ.

ಆ ದೇಶದಲ್ಲಿ ಹೆಂಗಸಿನ ಗರ್ಭವೂ ಸರ್ಕಾರದ ಆಸ್ತಿ. ದೇಶಕ್ಕೆ ಜನ ಬೇಕು, ಹೆರಿ ಎಂದು ಆಜ್ಞೆ. ಬಸಿರು ತಡೆಯುವ ಮಾತ್ರೆ ಸಿಗದು, ಬೇಡದ ಬಸಿರು ತೆಗೆಸಿದರೆ ಜೈಲು, ಮಕ್ಕಳಿಲ್ಲದವರ ಮೇಲೆ ತೆರಿಗೆ. ಮಿಲ್ಲಿಗೆ ಡಾಕ್ಟರು ಬರುವುದು ನಿಜ. ಬಂದು ಹೆಂಗಸರನ್ನು ಸಾಲಾಗಿ ಮಲಗಿಸಿ, ಯಾರು ಬಸಿರು, ಯಾರು ಹೋದ ಸಲ ಬಸಿರಿದ್ದು ಈ ಸಲ ಇಲ್ಲ ಎಂದು ನೋಡುವುದೇ ಅವರ ಕೆಲಸ. ಮದುವೆಯಾಗಿ ಎಷ್ಟು ವರ್ಷ, ಯಾಕೆ ಮಕ್ಕಳಿಲ್ಲ, ಕೊನೆಯ ಮುಟ್ಟು ಯಾವಾಗ. ಇವೇ ಮಾತು, ಇದೇ ಕ್ರಮದಲ್ಲಿ. ವಿಯೋರಿಕಾಳ ಅಕ್ಕ ಇಲಿಯಾನಾಗೆ ಎರಡು ಮಕ್ಕಳಿದ್ದವು, ಮೂರನೆಯದನ್ನು ಸಾಕುವ ಶಕ್ತಿ ಇರಲಿಲ್ಲ. ಕದ್ದು ತೆಗೆಸಿಕೊಂಡಳು. ರಕ್ತ ನಿಲ್ಲದೆ ಆಸ್ಪತ್ರೆಗೆ ಹೋದರೆ ಮಂಚದ ಪಕ್ಕ ಪೊಲೀಸಿನವನು ಕುರ್ಚಿ ಹಾಕಿಕೊಂಡು ಕೂತ. ಸಹಾಯ ಮಾಡಿದವರ ಹೆಸರು ಹೇಳು, ಆಮೇಲೆ ಡಾಕ್ಟರು ಮುಟ್ಟುತ್ತಾರೆ ಎಂದ. ಅವಳು ಹೇಳಲಿಲ್ಲ. ಸಾಯುವತನಕ ಡಾಕ್ಟರು ಮುಟ್ಟಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾವು ಬಡಾಯಿಯವರಿಗೆ ಅನ್ನುತ್ತೇವೆ. ಬ್ರೆಡ್ಡಿಗೆ ಜನರನ್ನು ಕ್ಯೂ ನಿಲ್ಲಿಸಿ ಅರಮನೆ ಕಟ್ಟುವ ಸರ್ಕಾರಕ್ಕೆ ಆ ಗಾದೆಯೂ ಸಾಲದು. ಹೊಟ್ಟೆಗೆ ಹಿಟ್ಟು ಹಾಕಲಾರದವರು ಹೆಂಗಸರ ಹೊಟ್ಟೆಗೇ ಕೈ ಹಾಕಿದ್ದರು. ಅದನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಪ್ರಪಂಚದ ಮಕ್ಕಳಿಗೆ ಹಂಚುವವರೂ ಇದ್ದರು. ಕಸ್ತೂರಿ ಕಾರಿನ ವೇಗ ಹೆಚ್ಚಿಸಿದರು. ಎಷ್ಟು ಅನುಕೂಲ ನೋಡು ಎಂದು ತಾವೇ ಹೇಳಿದ ಮಾತು ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತಾಗಿತ್ತು.

ವಿಯೋರಿಕಾ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿಯಲ್ಲಿ ರಕ್ತದ ಬಣ್ಣವೇ ಇರಲಿಲ್ಲ. ಕಸ್ತೂರಿಯನ್ನು ನೋಡಿ ಕಾಲು ಮಡಚಿಕೊಂಡು ಮೂಲೆಗೆ ಸರಿದಳು.

ಕಸ್ತೂರಿ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟರು. ಪೆತ್ರುವನ್ನು ವರಾಂಡಕ್ಕೆ ಕಳಿಸಿದರು. ಸೀರೆ ಒಟ್ಟುಮಾಡಿಕೊಂಡು ಅವಳ ಎದುರಿಗೆ, ಕೈಗೆ ಎಟುಕದಷ್ಟು ದೂರದಲ್ಲಿ, ನೆಲದ ಮೇಲೆ ಕೂತರು. ಅವಳ ಜೀವ ಸೋರಿಹೋಗುತ್ತಿದೆ, ಕೇಳಬೇಕಾದ ಪ್ರಶ್ನೆಗಳು ನಾಲಿಗೆಯ ತುದಿಯಲ್ಲಿವೆ, ಒಂದು ಕೇಳಿದರೂ ಅವಳು ಕೈತಪ್ಪಿ ಹೋಗುತ್ತಾಳೆ. ಎಳೆದುಕೊಂಡು ಹೋಗಬಹುದಿತ್ತು. ಹಾಗೆ ಎಳೆದರೆ ತಾನೂ ಆ ಸಾಲಿನ ಡಾಕ್ಟರೇ.

"ನಾನು ಏನೂ ಕೇಳಲ್ಲ" ಎಂದರು. "ನೀನು ಕೇಳು. ಏನು ಬೇಕಾದ್ರೂ ಕೇಳು, ನಿಜ ಹೇಳ್ತೀನಿ. ಆದ್ರೆ ಬೇಗ ಕೇಳಮ್ಮ. ನಿನ್ನ ಹೊಟ್ಟೆಯೊಳಗೆ ರಕ್ತ ಹೋಗ್ತಿದೆ ಅಂತ ನನಗೆ ಭಯ. ಹೊತ್ತಾದ್ರೆ ನೀನು ಉಳಿಯಲ್ಲ."

ವಿಯೋರಿಕಾ ಬಾಗಿಲಲ್ಲಿ ಬಿಟ್ಟ ಬ್ಯಾಗನ್ನೂ ಕಸ್ತೂರಿಯ ಖಾಲಿ ಕೈಯನ್ನೂ ನೋಡಿದಳು.

"ಯಾರಿಗೆ ವರದಿ ಕೊಡ್ತೀರಿ?"

"ಯಾರಿಗೂ ಇಲ್ಲ. ನೀನು ಹೇಳು ಅನ್ನದೆ ನಿನ್ನ ಗಂಡನಿಗೂ ಹೇಳೋ ಹಾಗಿಲ್ಲ."

"ಹಾಗಾದ್ರೆ ಯಾಕೆ ಕೇಳಿದ್ರಿ? ಅಂಗಡೀಲೂ ಕೇಳಿದ್ರಿ."

"ನಮ್ಮೂರಲ್ಲಿ ಎಲ್ಲರೂ ಕೇಳ್ತಾರೆ. ಪ್ರೀತಿ ಅಂದ್ಕೊಂಡಿದ್ದೆ."

"ನಿಮ್ಮನ್ನೂ ಕೇಳಿದ್ರಾ?"

ಊರಿನವರನ್ನೆಲ್ಲ ಪ್ರಶ್ನೆ ಕೇಳಿದ ಕಸ್ತೂರಿಯನ್ನು ಯಾರೂ ಹೀಗೆ ಎದುರಿಗೆ ಕೂತು ಕೇಳಿ, ಉತ್ತರಕ್ಕೆ ಕಾದಿರಲಿಲ್ಲ.

"ಕೇಳಿದ್ರು."

"ಏನು ಹೇಳಿದ್ರಿ?"

"ಸುಳ್ಳು ಹೇಳಿದೆ. ಪರ್ತ್‌ನಲ್ಲಿದ್ದಾಗ ಎರಡು ಸಲ ಬಸಿರು ನಿಲ್ಲಲಿಲ್ಲ. ನಮ್ಮಮ್ಮನಿಗೂ ಹೇಳಲಿಲ್ಲ. ಊರಿಂದ ಕಾಗದ ಬಂದಾಗಲೆಲ್ಲ ವಿಶೇಷ ಏನು ಅಂತ ಕೇಳೋರು. ಪರೀಕ್ಷೆ ಇದೆ, ಈಗಲೇ ಮಕ್ಕಳು ಬೇಡ ಅಂತ ನಾವೇ ಅಂದ್ಕೊಂಡಿದೀವಿ ಅಂತ ಬರೀತಿದ್ದೆ."

"ನೋವಾಗ್ತಿತ್ತಾ?"

"ಆಗ್ತಿತ್ತು."

"ಆದ್ರೂ ನನ್ನನ್ನ ಕೇಳಿದ್ರಿ."

"ಕೇಳಿದೆ. ತಪ್ಪಾಯ್ತು, ವಿಯೋರಿಕಾ. ನಿಮ್ಮ ದೇಶದ ಬಗ್ಗೆ ಆಡಿದ ಮಾತೂ ತಪ್ಪು. ನನಗೆ ಗೊತ್ತಿರಲಿಲ್ಲ."

ವಿಯೋರಿಕಾಳ ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ಕಣ್ಣು ಮುಚ್ಚಿ ತೆರೆದಳು.

"ಆಸ್ಪತ್ರೇಲಿ ಮಂಚದ ಪಕ್ಕ ಯಾರು ಕೂತಿರ್ತಾರೆ?"

"ನಾನು" ಎಂದರು ಕಸ್ತೂರಿ.

ಆಗ ಅವಳು ಕೈ ಚಾಚಿದಳು. ಮುಟ್ಟಿದರೆ ಕೈ ಮಂಜುಗಡ್ಡೆ. ಕಸ್ತೂರಿ ಪೆತ್ರುವನ್ನು ಕೂಗಿ ಆಂಬುಲೆನ್ಸಿಗೆ ಓಡಿಸಿದರು.

ಆಸ್ಪತ್ರೆಯ ಬಾಗಿಲಲ್ಲಿ ಯೂನಿಫಾರ್ಮಿನ ಕಾವಲುಗಾರ ನಿಂತಿದ್ದ. ಪಾಪ, ತನ್ನ ಪಾಡಿಗೆ ತಾನು ನಿಂತಿದ್ದವನು. ವಿಯೋರಿಕಾಳ ಉಗುರು ಕೈಗೆ ನಾಟಿದ್ದೇ, ಕಸ್ತೂರಿ ಅವನನ್ನು ಆಚೆ ಕಳಿಸಿದ ಜೋರಿಗೆ ಅವನು ಕಾರ್ ಪಾರ್ಕಿನವರೆಗೆ ಹೋಗಿ ನಿಂತ. ಎಳೆಯ ಡಾಕ್ಟರೊಬ್ಬ ಎಷ್ಟು ವಾರ, ಏನಾದರೂ ಮಾಡಿಸಿಕೊಂಡಿದ್ದೀಯಾ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದರು. ಅವನು ವಾಪಸು ಬಂದು, ಕೇಳಬಹುದೇ ಎಂದು ಮೊದಲು ಕೇಳಿ, ಆಮೇಲೆ ಕೇಳಿದ. ಅವಳು ತಾನಾಗಿ ಹೇಳಿದಳು. ಆಪರೇಷನ್ ಕೋಣೆಯ ಬಾಗಿಲವರೆಗೂ, ಬಾಗಿಲ ಒಳಗೂ ಕಸ್ತೂರಿ ಅವಳನ್ನು ಬಿಟ್ಟು ಕದಲಲಿಲ್ಲ. ಒಂದು ನಾಳ ಹೋಯಿತು, ಬಸಿರು ಹೋಯಿತು, ಜೀವ ಉಳಿಯಿತು.

ಸೋಮವಾರ ಬೆಳಿಗ್ಗೆ ಕಸ್ತೂರಿ ಕ್ಲಿನಿಕ್ಕಿಗೆ ಹೋಗುವ ಮುಂಚೆ ವಾರ್ಡಿಗೆ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಹಿರಿಯ ಡಾಕ್ಟರು ರೌಂಡ್ಸಿಗೆ ಬಂದರು. ಎತ್ತರದ ಆಳು, ಉದ್ದನೆಯ ಬಿಳಿ ಕೋಟು, ಹಿಂದೆ ವಿದ್ಯಾರ್ಥಿಗಳ ಹಿಂಡು. ಗುಡ್ ಮಾರ್ನಿಂಗ್ ಎಂದರು, ವಿದ್ಯಾರ್ಥಿಗಳ ಕಡೆ ತಿರುಗಿ ಇದೊಂದು ಚೆನ್ನಾದ ಕೇಸು ಎಂದರು, ಮಾತಾಡುತ್ತಲೇ ಹೊದಿಕೆಯ ಅಂಚಿಗೆ ಕೈ ಹಾಕಿದರು. ವಿದ್ಯಾರ್ಥಿಗಳು ಮಂಚದ ಸುತ್ತ ಸಾಲಾಗಿ ನಿಂತರು.

ಕಸ್ತೂರಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು. ಬೈಗುಳ ಬಾಯಿಗೇ ಬಂದಿತ್ತು. ವಿಯೋರಿಕಾಳ ಮುಖ ನೋಡಿ ಹಾಗೇ ಕೂತರು. ಆ ಮುಖ ಈ ಸಲ ಗೋಡೆಗೆ ತಿರುಗಿರಲಿಲ್ಲ.

"ಬೇಡ" ಎಂದಳು ವಿಯೋರಿಕಾ. ದನಿ ಸಣ್ಣದು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಹೇಳಿದಳು. "ಬೇಡ. ಇಷ್ಟು ಜನರ ಮುಂದೆ ಬೇಡ."

ಹಿರಿಯ ಡಾಕ್ಟರ ಕೈ ನಿಂತಿತು. ಕಿವಿ ಕೆಂಪಾಯಿತು. "ಸಾರಿ, ನಾನು ಮೊದಲೇ ಕೇಳಬೇಕಿತ್ತು. ನೋ ವರೀಸ್" ಎಂದು ಹೊದಿಕೆ ಬಿಟ್ಟು, ಹಿಂಡನ್ನು ಕರೆದುಕೊಂಡು ಮುಂದಿನ ವಾರ್ಡಿಗೆ ನಡೆದರು.

ವಿಯೋರಿಕಾ ಬಾಗಿಲನ್ನೇ ನೋಡುತ್ತಿದ್ದಳು. ಹೊದಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. ಯಾರಾದರೂ ತಿರುಗಿ ಬರುತ್ತಾರೆ ಎಂದು ಕಾಯುತ್ತಿದ್ದಾಳೆ ಎಂಬುದು ಕಸ್ತೂರಿಗೆ ತಿಳಿಯಿತು. ಯಾರೂ ಬರಲಿಲ್ಲ. ಹೊರಗೆ ಟೀ ಗಾಡಿಯ ಸದ್ದು ಮಾತ್ರ ಕೇಳಿಸಿತು.

"ಹೊರಟುಹೋದ್ರು" ಎಂದಳು, ನಂಬಲಾರದವಳ ಹಾಗೆ.

"ಹೋದ್ರು. ನೀನು ಕರೆಯೋವರೆಗೂ ಬರಲ್ಲ" ಎಂದರು ಕಸ್ತೂರಿ. ಅವರ ಎದೆ ಹೆಮ್ಮೆಯಿಂದ ಉಬ್ಬಿತ್ತು. ತಾವು ಪಾಸಾದ ಯಾವ ಪರೀಕ್ಷೆಗೂ, ಹಾಕಿಸಿದ ಯಾವ ಬೋರ್ಡಿಗೂ ಅವರು ಇಷ್ಟು ಹೆಮ್ಮೆಪಟ್ಟಿರಲಿಲ್ಲ. ಯಾರ ಬಗ್ಗೆ ಎಂದು ಕೇಳಿದರೆ, ಈ ಹುಡುಗಿಯ ಬಗ್ಗೆ.

ವಿಯೋರಿಕಾ ನಿಧಾನವಾಗಿ ದಿಂಬಿಗೆ ಒರಗಿದಳು. ಚಾವಣಿ ನೋಡುತ್ತ ಮಾತಾಡಿದಳು.

"ನನ್ನ ಅಕ್ಕನೂ ಹೀಗೇ ಹೇಳಿದಳು. ಹೇಳಲ್ಲ, ಹೇಳಲ್ಲ ಅಂತ. ಆ ಪೊಲೀಸಿನವನು ಹೋಗಲಿಲ್ಲ. ಬೆಳಗಾಗೋವರೆಗೂ ಕೂತಿದ್ದ."

ಕಸ್ತೂರಿ ಏನೂ ಕೇಳಲಿಲ್ಲ.

"ಯಾರ ಹೆಸರು ಅಂತ ಪೆತ್ರುಗೂ ಗೊತ್ತಿಲ್ಲ" ಎಂದಳು ವಿಯೋರಿಕಾ. "ಬಸಿರು ತೆಗೆಯೋ ಮುದುಕಿಯನ್ನ ಹುಡುಕಿ ಮನೆಗೆ ಕರೆತಂದವಳು ನಾನು. ನೀರು ಕಾಯಿಸ್ಕೊಟ್ಟವಳು ನಾನು. ಅವಳು ಹೇಳದೇ ಹೋದ ಹೆಸರು ನಂದು, ಡಾಕ್ಟರ್."

ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ತಲೆಯನ್ನು ದಿಂಬಿನಿಂದ ಎತ್ತಿ, ಹೊರಟುಹೋದವರಿಗೂ ಕೇಳಿಸಲಿ ಎಂಬಂತೆ ಬಾಗಿಲ ಕಡೆಗೆ ನೋಡಿದಳು.

"ನಾನು ಇಲಿಯಾನಾಳ ತಂಗಿ" ಎಂದಳು.